ಕ್ಲಾಸಿನಲ್ಲಿ ಸಿಳ್ಳೆ

ಬೋರ್ಡಿನ ಮೇಲೆ ಟೆಸ್ಟಿನ ಲೆಕ್ಕ ಬರೆಯುತ್ತಿದ್ದ ಟೀಚರ್ ಗಕ್ಕನೆ ತಿರುಗಿದರು. "ಯಾರದು ಸಿಳ್ಳೆ ಹೊಡೀತಿರೋದು?"

ಕೊನೆಯ ಬೆಂಚಿನ ವಾರುಣಿ ಎದ್ದಳು. "ನಾನು ಮಿಸ್. ಉಬ್ಬಸ. ಉಸಿರಾಡಿದ್ರೆ ಸದ್ದು ಬರುತ್ತೆ. ಇನ್‌ಹೇಲರ್ ಹೊರಗೆ ಬ್ಯಾಗಲ್ಲಿದೆ, ತಗೊಂಡು ಬರ್ಲಾ?"

"ಬ್ಯಾಗ್ ಮುಟ್ಟೋಕೆ ಒಳ್ಳೇ ನೆಪ. ಕಾಪಿ ಚೀಟಿನೂ ಅದರಲ್ಲೇ ಇದೆಯಾ? ಟೆಸ್ಟ್ ಮುಗಿಯೋವರೆಗೂ ಒಬ್ಬರೂ ಹೊರಗೆ ಕಾಲಿಡೋ ಹಾಗಿಲ್ಲ. ಇನ್ನೊಂದ್ಸಲ ಸದ್ದು ಕೇಳಿಸಿದ್ರೆ ಪೇಪರ್ ಕಿತ್ಕೋತೀನಿ."

ಹುಡುಗಿ ಕೂತಳು. ಟೀಚರ್ ಮತ್ತೆ ಬೋರ್ಡಿನ ಕಡೆ ತಿರುಗಿದರು. ಸಿಳ್ಳೆ ಸಣ್ಣಗೆ ಕೇಳುತ್ತಲೇ ಇತ್ತು. ಐದನೇ ಲೆಕ್ಕ ಬರೆಯುವ ಹೊತ್ತಿಗೆ ಪೂರ್ತಿ ನಿಂತಿತು.

"ಮಿಸ್, ಇವಳು ಅಲುಗಾಡ್ತಾನೇ ಇಲ್ಲ. ತುಟಿ ನೀಲಿಯಾಗಿದೆ!" ಪಕ್ಕದ ಹುಡುಗಿ ಕೂಗಿದಳು.

ಟೀಚರ್ ತಿರುಗಲಿಲ್ಲ. "ಬಾಯ್ಮುಚ್ಚೇ. ಅವಳೇ ಸುಮ್ಮನಾದ್ಲು, ಈಗ ನಿಂದು ಶುರುವಾಯ್ತಾ?"