ಅಜ್ಜಿ ಹಾಕಿಸಿದ ಗೆರೆ

ಮೊಮ್ಮಗಳ ಓಟ ನೋಡಲು ಬಂದಿರುವ ಈ ಕ್ರೀಡಾಗ್ರಾಮದಲ್ಲಿ ದೇಶವಿದೇಶದ ಪಂದ್ಯಗಳಿಗೆಂದು ಈಜುಕೊಳ, ಸೈಕಲ್ ಪಥ ಎಲ್ಲವೂ ಇವೆ, ಆದರೆ ಈಟಿ ಎಸೆಯುವಲ್ಲಿ ಎಳೆಯುತ್ತಿರುವ ಸುಣ್ಣದ ಗೆರೆಯ ವಾಸನೆ ಮಾತ್ರ ಕಡಬದ ನಮ್ಮ ಗದ್ದೆಯದೇ.

ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಗೆ ಮೈದಾನವಿರಲಿಲ್ಲ. ಕೊಯ್ಲು ಮುಗಿದ ನಮ್ಮ ಗದ್ದೆಯಲ್ಲೇ ಆಟೋಟ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಮಾಸ್ತರರು ಹುಡುಗರ ಓಟಕ್ಕೆ ಗೆರೆ ಹಾಕಿ, ನನ್ನ ಕೈಗೆ ಚಮಚ, ನಿಂಬೆಹಣ್ಣು ಕೊಟ್ಟರು. ನಾನು ಎರಡನ್ನೂ ನೆಲಕ್ಕೆ ಹಾಕಿ, ಲಂಗ ಎತ್ತಿ ಕಟ್ಟಿ, ಹುಡುಗರ ಪಕ್ಕ ನಿಂತೆ.

"ಹೆಣ್ಣುಮಕ್ಕಳಿಗೆ ಓಟ ಇಲ್ಲ. ನಿನಗೆ ಗೆರೆಯೂ ಇಲ್ಲ," ಎಂದು ಮಾಸ್ತರರು ಗದರಿದರು.

ಗದ್ದೆಯಂಚಿನ ಹುಣಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ನನ್ನ ಅಜ್ಜಿ ತಲೆ ಎತ್ತಿದರು.

"ಈ ಗದ್ದೆ ನನಗೆ ಅಮ್ಮನಿಂದ ಬಂದದ್ದು ಮಾಸ್ತರ್ರೆ, ನಾಳೆ ಇವಳಿಗೇ ಹೋಗುದು. ಇವಳಿಗೆ ಓಡ್ಲಿಕ್ಕೆ ಇಲ್ಲದಿದ್ರೆ ಇಲ್ಲಿ ಯಾರಿಗೂ ಇಲ್ಲ. ಎಂತ, ಗೆರೆ ಹಾಕ್ತೀರಾ, ನಾನು ನೇಗಿಲು ಕಟ್ಟಿಸ್ಬೇಕಾ?"

ಮಾಸ್ತರರು ನನಗೆಂದು ಇನ್ನೊಂದು ಗೆರೆ ಎಳೆದರು.

ಕೊಯ್ದ ಭತ್ತದ ಒಣಗಿದ ಕೂಳೆ ಬರಿಗಾಲಿಗೆ ಚುಚ್ಚುತ್ತಿತ್ತು. ಅರ್ಧದಲ್ಲೇ ಮುಗ್ಗರಿಸಿ ಬಿದ್ದೆ. ಹುಡುಗರು ನಕ್ಕರು. ಕುಂಟುತ್ತ ಬಂದ ನನ್ನ ಮಂಡಿಯ ಗಾಯಕ್ಕೆ ಅಜ್ಜಿ ಬೆರಳಲ್ಲಿದ್ದ ಸುಣ್ಣವನ್ನೇ ಒತ್ತಿದರು. ಉರಿಗೆ ಕಣ್ಣು ತುಂಬಿ ಅಳು ಬಂತು.

"ಕೂಗ್ಬೇಡ ಮಾರಾಯ್ತಿ," ಎಂದರು ಅಜ್ಜಿ. "ಗೆರೆ ಇನ್ನೂ ಅಲ್ಲೇ ಉಂಟು. ಹೋಗು, ಇನ್ನೊಂದು ಸಲ ಓಡು."