ಬುಡದಿಂದ ಚಿಗುರಿದ ಮರ

ಆ ಮನುಷ್ಯ ಕೈಚೀಲವನ್ನು ಎದೆಗೆ ಅವಚಿಕೊಂಡೇ ತೋಟ ಸುತ್ತುತ್ತಿದ್ದ. ಕಳ್ಳ ಎಂದು ತೋಟದವಳು ಆಗಲೇ ತೀರ್ಮಾನಿಸಿಬಿಟ್ಟಳು. ಎಲ್ಲೂ ಸಿಗದ ಹಳೆಯ ಹಣ್ಣಿನ ಜಾತಿಗಳನ್ನು ಉಳಿಸಿಕೊಂಡ ತೋಟ ಅದು. ನೋಡಲು ಬಂದವರು ಹಣ್ಣು ಕದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಕಸಿ ಕಟ್ಟಲು ಕಡ್ಡಿ ಕದ್ದರೆ ಮಾತ್ರ ಮೈ ಉರಿಯುತ್ತಿತ್ತು.

ಅವನು ನಿಂತದ್ದು ಸರಿಯಾಗಿ ಆ ಕಿತ್ತಳೆಯ ಮುಂದೆ. ಕಾಡುಕಿತ್ತಳೆಯ ಬುಡಕ್ಕೆ ಅವಳ ಅಪ್ಪ ಕೈಯಾರೆ ಕಸಿ ಕಟ್ಟಿದ ಮರ. ಆ ಜಾತಿಯಲ್ಲಿ ಉಳಿದದ್ದು ಅದೊಂದೇ. ಅವಳ ಜೀವವೆಲ್ಲ ಅದರ ಮೇಲೆ.

“ಅಪ್ಪ ತೀರ್ಕೊಂಡ ವರ್ಷ ಬಿರುಗಾಳಿಗೆ ಮುರಿದು ಬಿದ್ದಿತ್ತು,” ಎಂದಳು, ಚೀಲದಿಂದ ಕಣ್ಣು ಕೀಳದೆ. “ಸತ್ತೇ ಹೋಯ್ತು ಅಂದ್ಕೊಂಡ್ವಿ. ನೋಡಿ, ಬುಡದಿಂದ ಚಿಗುರ್ತು! ಅಪ್ಪನ ಹಾಗೇ ಹಟಮಾರಿ.”

“ಈ ಮುಳ್ಳು ಮೊದಲಿಂದ್ಲೂ ಇತ್ತಾ?”

“ಆಮೇಲೆ ಬಂತು. ಅದೂ ಅಪ್ಪನ ಹಾಗೇ.”

ಅವನು ನಗಲಿಲ್ಲ. ಆ ಮರದ ಹಣ್ಣು ಸುಲಿದು ಅವಳು ಕೊಟ್ಟ ತೊಳೆಯನ್ನು ಬಾಯಿಗಿಟ್ಟು ಮುಖ ಕಿವುಚಿದ. ಎಲ್ಲರೂ ಹಾಗೇ ಮಾಡುತ್ತಿದ್ದರು, ಆಮೇಲೆ ಹೊಗಳುತ್ತಿದ್ದರು. ಇವನು ಹೊಗಳಲೂ ಇಲ್ಲ.

“ಹಳೇ ಕಾಲದ ರುಚಿ. ಈಗಿನವರಿಗೆ ಬರೀ ಸಕ್ಕರೆ ಚಟ,” ಎಂದು ಅವಳೇ ಸಮಜಾಯಿಷಿ ಕೊಟ್ಟಳು.

“ಅಕ್ಕಾ, ಸ್ವಲ್ಪ ಕುಡಿಯೋಕೆ ನೀರು ಸಿಗುತ್ತಾ?”

ಹಳೆಯ ಉಪಾಯ. ಹೋದಂತೆ ಮಾಡಿ, ಬೇಲಿಯ ಮರೆಯಿಂದ ತಿರುಗಿ ಬಂದಳು. ಸಿಕ್ಕಿಬಿದ್ದ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ಕಡ್ಡಿ. ಕೊಂಬೆಯ ಮೇಲೆ ಹಸಿ ಗಾಯ.

“ಕೊಡಯ್ಯಾ ಇಲ್ಲಿ! ನಮ್ಮಪ್ಪನ ಮರಕ್ಕೇ ಕೈ ಹಾಕ್ತೀಯಾ?”

“ಎಷ್ಟು ಬೇಕಾದ್ರೂ ಬೈರಿ, ಕಡ್ಡಿ ಮಾತ್ರ ಮುರೀಬೇಡಿ.” ಅವನು ಚೀಲದಿಂದ ಒಂದು ಕಿತ್ತಳೆ ತೆಗೆದು ಚಾಚಿದ. “ಮೊದ್ಲು ಇದನ್ನ ತಿನ್ನಿ.”

ಸಿಟ್ಟಿನಲ್ಲೇ ಸುಲಿದು ತಿಂದಳು. ಆ ಸಿಹಿ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ತಿಂದದ್ದು. ನೆನಪು ಹಳೆಯದಾದಂತೆ ಹಣ್ಣೂ ಸಿಹಿಯಾಗುತ್ತದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು.

“ಇದನ್ನ ಎಲ್ಲಿಂದ ಕದ್ದೆ?” ಎಂದಳು.

“ನಮ್ಮ ಹಿತ್ತಲದ್ದು. ನಿಮ್ಮಪ್ಪ ನಮ್ಮಮ್ಮಂಗೆ ಕೊಟ್ಟ ಕಡ್ಡೀಲಿ ಬೆಳೆದ ಮರ. ನಿನ್ನೆ ಗೋಡೆಗೆ ಅಡ್ಡ ಅಂತ ಅಣ್ಣ ಕಡಿಸಿಬಿಟ್ಟ. ಉಳಿದದ್ದು ಇದೊಂದೇ ಕಡ್ಡಿ.”

“ಅದಕ್ಕೆ ನಮ್ಮ ಮರ ಯಾಕೆ ಕೊಯ್ದೆ?”

ಅವನು ಕೊಂಬೆಯ ಸೀಳಿನೊಳಗೆ ಆ ಕಡ್ಡಿಯನ್ನು ಮೆಲ್ಲಗೆ ಕೂರಿಸಿದ.

“ನಿಮ್ಮೆದುರು ಹೇಳೋಕೆ ಬಾಯಿ ಬರಲಿಲ್ಲ, ಅಕ್ಕಾ. ಗಾಳಿಗೆ ಬಿದ್ದು ಸತ್ತದ್ದು ನಿಮ್ಮಪ್ಪನ ಕಸಿ. ಇಷ್ಟು ವರ್ಷ ನೀವು ಕಾಯ್ಕೊಂಡು ಬಂದಿರೋದು ಅದರ ಕೆಳಗಿದ್ದ ಕಾಡುಕಿತ್ತಳೇನ.”