ಹತ್ತಡಿ ಉರುಳಬೇಕು

೨೦೧೯ರ ಮಾರ್ಚ್ ೪. ನನ್ನ ಸ್ವಂತ ನಿವೇಶನದಲ್ಲಿ ಹಳೆಯ ಮಿನಿಬಸ್ಸೊಂದನ್ನು ನಿಲ್ಲಿಸಿ, ನಾನೂ ನನ್ನ ಹೆಂಡತಿ ವಾಗ್ದೇವಿಯೂ ಅದರೊಳಗೆ ಸಂಸಾರ ಹೂಡಿ ಅಂದಿಗೆ ಒಂಬತ್ತು ವರ್ಷ, ನಲವತ್ತೊಂದು ದಿನ.

ಪಂಚಾಯಿತಿಯ ಅಧಿಕಾರಿ ಬಂದರು. "ಲೈಸೆನ್ಸಿಲ್ಲದ ಮನೆ ಮೇಷ್ಟ್ರೇ, ಕೆಡವ್ತೀವಿ."

"ಇದು ಮನೆಯಲ್ಲ, ವಾಹನ. ಆರು ಚಕ್ರ, ಆರಕ್ಕೂ ಗಾಳಿ. ಎಣಿಸಿ."

"ಚಕ್ರ ಇದ್ರೆ ಸಾಲ್ದು, ಉರುಳ್ಬೇಕು. ಹತ್ತಡಿ ಉರುಳಿಸಿ, ವಾಪಸ್ ಹೋಗ್ತೀನಿ."

ಇಂಜಿನ್ ಕೆಟ್ಟು ವರ್ಷಗಳಾಗಿದ್ದವು. ನಾನೊಬ್ಬನೇ ತಳ್ಳತೊಡಗಿದೆ. ಪಕ್ಕದ ನಿವೇಶನದ ಸಣ್ಣಲಿಂಗಯ್ಯ ಮೂವರು ಮಕ್ಕಳೊಡನೆ ಓಡಿಬಂದ. ನಮ್ಮಿಬ್ಬರ ನಡುವಿನ ಗಡಿಕಲ್ಲನ್ನು ಕಿತ್ತವನು ಅವನೇ ಎಂದು, ಬಸ್ಸು ತಂದ ವಾರದಿಂದಲೂ ನಾನು ಅವನನ್ನು ಕಲ್ಲುಗಳ್ಳನೆಂದೇ ಕರೆಯುತ್ತಿದ್ದೆ.

"ಕಲ್ಲುಗಳ್ಳನ ಕೈ ಆಗ್ತದಾ ಮೇಷ್ಟ್ರೇ?" ಎಂದವನು ಉತ್ತರಕ್ಕೆ ಕಾಯದೆ ಹೆಗಲು ಕೊಟ್ಟ.

ಐಸಾ! ಪಾತ್ರೆಗಳು ಕುಣಿದವು. ಸಾರಿನ ತಪ್ಪಲೆಯನ್ನು ತಬ್ಬಿಕೊಂಡ ವಾಗ್ದೇವಿ ಕಿಟಕಿಯಿಂದ "ರೈಟ್, ರೈಟ್!" ಎಂದು ಕೂಗಿದಳು. ಬಸ್ಸು ಇಪ್ಪತ್ತಡಿ ಉರುಳಿ ನಿಂತಿತು. ಅಧಿಕಾರಿಯೂ ಚಪ್ಪಾಳೆ ತಟ್ಟಿದರು.

ಬಸ್ಸು ನಿಂತಿದ್ದ ಜಾಗದ ನಟ್ಟನಡುವೆ, ಗೇಣೆತ್ತರದ ಗಡಿಕಲ್ಲು ನೆಟ್ಟಂತೆಯೇ ಇತ್ತು.

ಸಣ್ಣಲಿಂಗಯ್ಯ ಬೆವರು ಒರೆಸಿಕೊಂಡ. "ಮೇಷ್ಟ್ರೇ, ಹಂಗಾರೆ ಇಷ್ಟು ವರ್ಷ ನೀವು ಅರ್ಧ ಸಂಸಾರ ನಮ್ಮ ಜಾಗದಲ್ಲೇ ಮಾಡಿದ್ರಾ?"